ತಂದೆಯವರ ಸತುವಿನ ವರದಿ: ಮಾತ್ರೆಗೆ ಅವಸರ ಬೇಡ

ಹೃದಯ ವೈಫಲ್ಯವಿರುವ ತಂದೆಯವರ ರಕ್ತದಲ್ಲಿ ಸತು (ಜಿಂಕ್) ಡೆಸಿಲೀಟರಿಗೆ 58 ಮೈಕ್ರೋಗ್ರಾಂ ಬಂದಿದೆ, 50 ಮಿಲಿಗ್ರಾಂ ಮಾತ್ರೆಯನ್ನು ನಾವೇ ಶುರು ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಈ ಕಾಯಿಲೆಯಲ್ಲಿ ಸತು ತಗ್ಗಿರುವುದು ಹೊಸದೇನಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳು, ಅದರಲ್ಲೂ ಥಯಾಜೈಡ್ ಗುಂಪಿನವು, ಅದನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಜೊತೆಗೆ ರಕ್ತದ ಸತುವಿನ ಬಹುಪಾಲು ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಅಲ್ಬುಮಿನ್ ಇಳಿದರೆ ಅಥವಾ ಉರಿಯೂತವಿದ್ದರೆ ಈ ಅಂಕಿಯೂ ಇಳಿಯುತ್ತದೆ. ಹಾಗಾಗಿ ಅಲ್ಬುಮಿನ್, ಉರಿಯೂತದ ಸೂಚಕವಾದ ಸಿಆರ್‌ಪಿ ಎಷ್ಟಿವೆ ಎಂದು ಮೊದಲು ನೋಡಿ. ಊಟವಾದ ಮೇಲೆ ರಕ್ತ ಕೊಟ್ಟಿದ್ದರೂ ಕಡಿಮೆ ಬರಬಹುದು.

ವಯಸ್ಕರಿಗೆ ಸತುವಿನ ದಿನದ ಮೇಲ್ಮಿತಿ 40 ಮಿಲಿಗ್ರಾಂ. ಅದನ್ನು ಮೀರಿ ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರ ಕುಸಿದು ರಕ್ತಹೀನತೆ ಬರಬಹುದು. ದಣಿದ ಹೃದಯಕ್ಕೆ ಅದು ದೊಡ್ಡ ಹೊರೆ. ಮೂತ್ರದ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ. ವರದಿ ಹಿಡಿದು ಈ ವಾರವೇ ಹೃದ್ರೋಗ ತಜ್ಞರನ್ನು ಕಾಣಿ.