ವಾಷಿಂಗ್ಟನ್: ಊರಿಂದ ಮನೆತನಕ್ಕೆ, ಮನೆತನದಿಂದ ರಾಜಧಾನಿಗೆ

ಪ್ರಶ್ನೆ: ಜಾರ್ಜ್ ವಾಷಿಂಗ್ಟನ್ ಅವರಿಂದ ಅಮೆರಿಕದ ರಾಜಧಾನಿಗೆ ಆ ಹೆಸರು ಬಂತು ಅಂತ ಗೊತ್ತು. ಆದರೆ ಅವರ ಮನೆತನಕ್ಕೆ ಅದು ಎಲ್ಲಿಂದ ಬಂತು? ಅಮೆರಿಕದ ಎಷ್ಟೋ ಕಪ್ಪು ಜನರಿಗೂ ಇದೇ ಹೆಸರಿದೆ. ಅವರೆಲ್ಲ ಒಂದೇ ವಂಶದವರಾ? — ಓದುಗರೊಬ್ಬರು, ಗದಗ

ಉತ್ತರ: ಮೊದಲು ಇದ್ದದ್ದು ಊರು. ಇಂಗ್ಲೆಂಡಿನ ಈಶಾನ್ಯದಲ್ಲಿ, ಸಂಡರ್‌ಲೆಂಡ್ ಹತ್ತಿರ ವಾಷಿಂಗ್ಟನ್ ಅಂತ ಹಳೆಯ ಹಳ್ಳಿಯೊಂದಿತ್ತು. ಈಗ ಅದರ ಸುತ್ತ ಪಟ್ಟಣ ಬೆಳೆದಿದೆ. 12ನೇ ಶತಮಾನದಲ್ಲಿ ಆ ಸೀಮೆಯಲ್ಲಿ ವಿಲಿಯಂ ಅನ್ನುವ ಜಮೀನುದಾರನಿದ್ದ. ಅವನ ಊರು ಹಾರ್ಟ್‌ಬರ್ನ್, ಹಾಗಾಗಿ ಜನ ಅವನನ್ನು ಹಾರ್ಟ್‌ಬರ್ನಿನ ವಿಲಿಯಂ ಅನ್ನುತ್ತಿದ್ದರು. ಡರ್ಹಮ್‌ನ ಬಿಷಪ್ 1183ರಲ್ಲಿ ತನ್ನ ಹಳ್ಳಿಗಳಿಂದ ಏನೇನು ಬರಬೇಕು ಅಂತ ಒಂದು ಲೆಕ್ಕದ ಪುಸ್ತಕ ಬರೆಸಿದ. ಅದಕ್ಕೆ ಬೋಲ್ಡನ್ ಬುಕ್ ಅಂತ ಹೆಸರು. ಈ ವಿಲಿಯಂ ಹಾರ್ಟ್‌ಬರ್ನನ್ನು ಬಿಟ್ಟುಕೊಟ್ಟು ಬದಲಿಗೆ ವಾಷಿಂಗ್ಟನ್ ಪಡೆದಿದ್ದಾನೆ, ಅದಕ್ಕೆ 4 ಪೌಂಡ್ ಕೊಡಬೇಕು, ಬಿಷಪ್ಪನ ದೊಡ್ಡ ಬೇಟೆಗೆ 4 ಬೇಟೆನಾಯಿಗಳ ಜೊತೆ ಹೋಗಬೇಕು ಅಂತ ಅದರಲ್ಲಿದೆ. ಎಂಟು ಶತಮಾನ ದಾಟಿದರೂ ನಾಯಿಗಳ ಲೆಕ್ಕ ಸಮೇತ ಉಳಿದಿದೆ ನೋಡಿ, ನನಗಂತೂ ಇದನ್ನು ಓದುವಾಗ ತುಂಬಾ ಖುಷಿಯಾಗುತ್ತದೆ. ಊರು ಬದಲಾದ ಮೇಲೆ ಹೆಸರೂ ಬದಲಾಯಿತು. ಅವನು ವಾಷಿಂಗ್ಟನ್ನಿನ ವಿಲಿಯಂ ಆದ. ಬರುಬರುತ್ತಾ ನಡುವಿನ 'ಇನ' ಬಿದ್ದುಹೋಗಿ ಊರಿನ ಹೆಸರೇ ಮನೆತನಕ್ಕೆ ನಿಂತಿತು.

ನಿಮ್ಮ ಕಡೆಯವರಿಗೆ ಇದು ಹೊಸದಲ್ಲ, ಅಲ್ವಾ? ಗಂಗೂಬಾಯಿ ಹಾನಗಲ್ ಅವರ ಹೆಸರಲ್ಲಿರುವುದೂ ಊರೇ. ಇಂಗ್ಲೆಂಡಲ್ಲಿ ಇಂಥ ಹೆಸರು ಎರಡು ದಾರಿಯಲ್ಲಿ ಬಂತು. ಜಮೀನುದಾರರಿಗೆ ಅವರು ಆಳುವ ಊರಿನ ಹೆಸರು. ಸಾಮಾನ್ಯ ಜನರಿಗಾದರೆ ಬಿಟ್ಟು ಬಂದ ಊರಿನ ಹೆಸರು. ಒಂದೇ ಹಳ್ಳಿಯಲ್ಲಿ ಎಲ್ಲರನ್ನೂ ಆ ಹಳ್ಳಿಯ ಹೆಸರಿಂದಲೇ ಕರೆದರೆ ಯಾರು ಯಾರು ಅಂತ ತಿಳಿಯುವುದಿಲ್ಲ. ಹೊರಗಿನಿಂದ ಬಂದವನನ್ನು ಮಾತ್ರ ಹಾಗೆ ಗುರುತಿಸಬಹುದು.

ಅದಕ್ಕೇ ಹೆಸರು ಒಂದೇ ಅಂದ ಮಾತ್ರಕ್ಕೆ ವಂಶ ಒಂದೇ ಅನ್ನುವ ಹಾಗಿಲ್ಲ. ಒಂದೇ ಊರಿಂದ ಹೊರಟ, ರಕ್ತಸಂಬಂಧವೇ ಇಲ್ಲದ ಇಬ್ಬರಿಗೆ ಒಂದೇ ಹೆಸರು ಬರಬಹುದು. ಸಾಲದ್ದಕ್ಕೆ ದಕ್ಷಿಣದ ಸಸೆಕ್ಸಿನಲ್ಲೂ ಒಂದು ವಾಷಿಂಗ್ಟನ್ ಇದೆ.

ವಿಲಿಯಂನ ವಂಶದ ಒಂದು ಕವಲು ಲ್ಯಾಂಕಾಶೈರಿಗೆ, ಅಲ್ಲಿಂದ ನಾರ್ತಾಂಪ್ಟನ್‌ಶೈರಿಗೆ ಹೋಯಿತು. ಎಂಟನೇ ಹೆನ್ರಿ ಕ್ರೈಸ್ತ ಮಠಗಳ ಆಸ್ತಿ ಕಿತ್ತುಕೊಂಡು ಮಾರುತ್ತಿದ್ದ ಕಾಲ. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಅನ್ನುವ ಊರಿನ ಜಮೀನು ಕೊಂಡ. ಅವನ ವಂಶದಲ್ಲೇ ಹುಟ್ಟಿದ ಇನ್ನೊಬ್ಬ ಲಾರೆನ್ಸ್ ಎಸೆಕ್ಸಿನಲ್ಲಿ ಪಾದ್ರಿಯಾಗಿದ್ದ. ಅಂತರ್ಯುದ್ಧದ ಸಮಯದಲ್ಲಿ, 1643ರಲ್ಲಿ, ಅವನ ಹುದ್ದೆ ಹೋಯಿತು. ಅವನ ಮಗ ಜಾನ್ 1650ರ ದಶಕದ ಕೊನೆಗೆ ವರ್ಜೀನಿಯಾ ಸೇರಿದ. ಈ ಜಾನ್ ಅಧ್ಯಕ್ಷ ಜಾರ್ಜ್ ಅವರ ಮುತ್ತಜ್ಜ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ 2000ದ ಅಮೆರಿಕದ ಜನಗಣತಿಯಲ್ಲಿ ಈ ಹೆಸರಿನವರು 1,63,000ಕ್ಕೂ ಜಾಸ್ತಿ ಇದ್ದರು, ಅವರಲ್ಲಿ ಸುಮಾರು 90% ಕಪ್ಪು ಜನ. 1799ರಲ್ಲಿ, ಜಾರ್ಜ್ ತೀರಿಕೊಂಡ ವರ್ಷ, ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಹಾಗಂತ ಇವತ್ತಿನ ವಾಷಿಂಗ್ಟನ್ನರೆಲ್ಲ ಆ ಗುಲಾಮರ ಪೀಳಿಗೆಯವರು ಅಂದುಕೊಳ್ಳಬೇಡಿ. ಗುಲಾಮರಿಗೆ ಮನೆತನದ ಹೆಸರಿದ್ದರೂ ಯಜಮಾನರು ಅದನ್ನು ಬರೆದಿಡುತ್ತಿದ್ದದ್ದು ಅಪರೂಪ. 1865ರಲ್ಲಿ ಗುಲಾಮಗಿರಿ ಕೊನೆಯಾದ ಮೇಲೆ ಎಷ್ಟೋ ಜನ ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಮುಂದೆ ಟಸ್ಕೀಗೀ ವಿದ್ಯಾಸಂಸ್ಥೆ ಕಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಗುಲಾಮರಾಗಿ ಹುಟ್ಟಿದವರು. ಶಾಲೆಗೆ ಸೇರಿದಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವರಿಗೆ ಬರೀ ಬೂಕರ್. ಮೇಷ್ಟ್ರು ಹೆಸರು ಕೇಳಿದಾಗ ಬೂಕರ್ ವಾಷಿಂಗ್ಟನ್ ಅಂದುಬಿಟ್ಟರಂತೆ. ತಮ್ಮ ಆತ್ಮಕತೆಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಹುಡುಗನ ಧೈರ್ಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಕೊಟ್ಟವರಿಲ್ಲದ ಹೆಸರನ್ನು ತಾನೇ ತಗೊಂಡು ಇಡೀ ದೇಶ ನೆನಪಿಡುವ ಹಾಗೆ ಬದುಕಿದರು.

ಪ್ರಶ್ನೆ: ಲಂಡನ್ನಿನ ಅಂಗಡಿಯೊಂದರಲ್ಲಿ 'ನಿಮ್ಮ ಮನೆತನದ ಲಾಂಛನ' ಅಂತ ಚಿತ್ರಗಳನ್ನು ಮಾರುತ್ತಿದ್ದರು. ಅವು ನಿಜವಾದವಾ? — ಓದುಗರೊಬ್ಬರು, ಮೈಸೂರು

ಉತ್ತರ: ಚಿತ್ರ ನಿಜವಿರಬಹುದು, ಆದರೆ ಅದು ಕೊಂಡವರದ್ದಾಗುವುದಿಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ ಸೇರಿದ್ದು. ಒಂದೇ ಹೆಸರಿನವರಿಗೆಲ್ಲ ಅದರ ಹಕ್ಕಿಲ್ಲ. ಅಲ್ಲಿ ಇದನ್ನು ನೋಡಿಕೊಳ್ಳುವ ಕಾಲೇಜ್ ಆಫ್ ಆರ್ಮ್ಸ್ 1484ರಿಂದ ಇದೆ. ಮೇಲೆ ಹೇಳಿದ ವಾಷಿಂಗ್ಟನ್ ಮನೆತನದ ಲಾಂಛನದಲ್ಲಿ ಬಿಳಿ ಹಿನ್ನೆಲೆ, ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ. ವಾಷಿಂಗ್ಟನ್ ಡಿ.ಸಿ. 1938ರಲ್ಲಿ ಇದನ್ನೇ ತನ್ನ ಧ್ವಜ ಮಾಡಿಕೊಂಡಿತು. ಚಂದ ಕಂಡರೆ ಚಿತ್ರ ಕೊಂಡು ಗೋಡೆಗೆ ಹಾಕಿ, ತಪ್ಪೇನಿಲ್ಲ. ವಂಶದ ದಾಖಲೆ ಬೇಕು ಅನ್ನುವ ಇಂಗ್ಲಿಷ್ ಗೆಳೆಯರಿದ್ದರೆ ಅವರ ಊರಿನ ಚರ್ಚಿನ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಹುಡುಕಲು ಹೇಳಿ. ಅವನ್ನು ಇಡಬೇಕು ಅಂತ ಆದೇಶ ಬಂದದ್ದು 1538ರಲ್ಲಿ.