ಕಾರ್ಡ್ ಇದೆ, ಊರಿನ ಆಸ್ಪತ್ರೆ ಉಳಿಯುತ್ತಾ?

“ಸಂಪಾದಕರೇ, ನಮ್ಮ ಪಕ್ಕದ ಮನೆಯ ಕೂಲಿ ಹೆಣ್ಣುಮಗಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ಜನರಲ್ ಆಸ್ಪತ್ರೆಯಿಂದ ರೆಫರಲ್ ಪತ್ರ ಹಿಡಿದು ಊರಿನ ನರ್ಸಿಂಗ್ ಹೋಮಿಗೆ ಹೋದರೆ, ‘ಆಯುಷ್ಮಾನ್ ಸ್ಕೀಮ್ ಬಿಟ್ಟಿದ್ದೇವೆ’ ಅಂದರಂತೆ. ಕಾಯ್ದೆ ಬಿಗಿ ಮಾಡಿ ಏನು ಬಂತು? ಇಂಥವರ ಲೈಸೆನ್ಸ್ ರದ್ದು ಮಾಡಬಾರದೇಕೆ?”
– ನಿವೃತ್ತ ಶಿಕ್ಷಕರು, ಅರಸೀಕೆರೆ

ಮೇಷ್ಟ್ರೇ, ಪಕ್ಕದ ಮನೆಯವರ ಕಷ್ಟಕ್ಕೆ ಎರಡು ಪುಟ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ನಿಮ್ಮ ಸಿಟ್ಟು ನ್ಯಾಯವಾದದ್ದೇ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಬೇಕಿತ್ತು. ಬಿಲ್ ಬಾಕಿ ಇದೆ ಅಂತ ಹೆಣ ಕೊಡದೆ ಸತಾಯಿಸುವಂತಿಲ್ಲ ಎಂದು 2017ರ ತಿದ್ದುಪಡಿ ಹೇಳಿತು. ಒಳ್ಳೆಯದೇ ಆಯಿತು.

ಆದರೆ ಲೈಸೆನ್ಸ್ ರದ್ದು ಮಾಡಿ ಅನ್ನುವ ಮುಂಚೆ ಆ ಡಾಕ್ಟರ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ.

ನಾನು ಹಾಗೆ ಕೂತಿದ್ದೇನೆ. ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮ್. ಗಂಡ ಸರ್ಜನ್, ಹೆಂಡತಿ ಹೆರಿಗೆ ಡಾಕ್ಟರ್. ಮೂಲೆಯ ಕಂಪ್ಯೂಟರ್ ಮುಂದೆ ಒಬ್ಬಳು ಹುಡುಗಿ. ಅವಳಿಗೆ ದಿನವಿಡೀ ಕ್ಲೇಮ್‌ಗಳದ್ದೇ, ಅಂದರೆ ಸ್ಕೀಮಿನ ರೋಗಿಗಳ ಚಿಕಿತ್ಸೆಯ ದುಡ್ಡನ್ನು ಸರ್ಕಾರದಿಂದ ಕೇಳುವ ಅರ್ಜಿಗಳದ್ದೇ ಕೆಲಸ. ರೋಗಿ ಹಾಸಿಗೆಯಲ್ಲಿರುವ ಫೋಟೋ, ಸ್ಕ್ಯಾನ್ ರಿಪೋರ್ಟ್, ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ದಿನದ ಫೋಟೋ. ಎಲ್ಲ ಹಾಕಿ ಕಳಿಸಿದ ಒಂದು ಫೈಲು ‘ಹೊಲಿಗೆ ಗುರುತು ಸರಿಯಾಗಿ ಕಾಣುತ್ತಿಲ್ಲ’ ಎಂಬ ಕ್ವೆರಿಯೊಂದಿಗೆ ವಾಪಸ್ ಬಂದಿತ್ತು. ರೋಗಿ ಆಗಲೇ ಊರು ಸೇರಿ ಹೊಲದ ಕೆಲಸಕ್ಕೆ ಇಳಿದಿದ್ದ. ಅವನನ್ನು ಫೋಟೋಗಾಗಿ ಮತ್ತೆ ಬಸ್ ಹತ್ತಿಸಬೇಕು. ಅದೇ ಹೊತ್ತಿಗೆ ಆಕ್ಸಿಜನ್ ಸಿಲಿಂಡರಿನವನು ಹಳೇ ಬಾಕಿ ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದ.

ಯೋಜನೆಯ ನಿಯಮದ ಪ್ರಕಾರ ರಾಜ್ಯದೊಳಗಿನ ಕ್ಲೇಮ್ 15 ದಿನದಲ್ಲಿ ಇತ್ಯರ್ಥವಾಗಬೇಕು. ಆ ಸರ್ಜನ್ ಬಳಿ ತಿಂಗಳುಗಟ್ಟಲೆ ಹಳೆಯ ಫೈಲುಗಳಿದ್ದವು. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬರಲಿಲ್ಲ ಅಂತ ಆಯುಷ್ಮಾನ್ ಚಿಕಿತ್ಸೆಯನ್ನೇ ನಿಲ್ಲಿಸಿದವು.

ಇನ್ನು ದರ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಕೇಂದ್ರದ ಪಟ್ಟಿಯಲ್ಲಿ ಸಿಸೇರಿಯನ್‌ಗೆ 9,000 ರೂಪಾಯಿ ಇತ್ತು. ಅರಿವಳಿಕೆ ಡಾಕ್ಟರು, ಮಗುವಿನ ಡಾಕ್ಟರು, ಔಷಧಿ, ಹಾಸಿಗೆ, ನರ್ಸು ಎಲ್ಲ ಅದರಲ್ಲೇ. ತಾಲ್ಲೂಕಿನಲ್ಲಿ ಅರಿವಳಿಕೆ ಡಾಕ್ಟರು ಎಲ್ಲಿದ್ದಾರೆ? ಜಿಲ್ಲಾ ಕೇಂದ್ರದಿಂದ ಕಾರಿನಲ್ಲಿ ಬರಬೇಕು. ಅದೇ ಪಟ್ಟಿಯಲ್ಲಿ ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದವರಿಗೆ ದರ ಜಾಸ್ತಿ. ಆ ಮಾನ್ಯತೆಗೆ ಬೇಕಾದ ಕಾಗದಪತ್ರ ನೋಡಿಕೊಳ್ಳಲು ದೊಡ್ಡ ಆಸ್ಪತ್ರೆಯಲ್ಲಿ ಒಂದು ವಿಭಾಗವೇ ಇರುತ್ತದೆ. ಇಲ್ಲಿ ಅದೇ ಒಬ್ಬಳು ಹುಡುಗಿ.

2017ರ ನವೆಂಬರ್‌ನಲ್ಲಿ ಈ ಕಾಯ್ದೆಯ ತಿದ್ದುಪಡಿ ವಿರೋಧಿಸಿ ಖಾಸಗಿ ಡಾಕ್ಟರುಗಳು ಬೆಳಗಾವಿಗೆ ಹೋಗಿ ಧರಣಿ ಕೂತಿದ್ದು ನಿಮಗೆ ನೆನಪಿರಬಹುದು. ರೋಗಿಗಳು ಪರದಾಡಿದರು, ಅದು ತಪ್ಪೇ. ಆದರೆ ಅವರು ಕೇಳಿದ್ದ ಒಂದು ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ: ಈ ಕಾಯ್ದೆ ಖಾಸಗಿಯವರಿಗೆ ಮಾತ್ರ ಯಾಕೆ? ಸರ್ಕಾರಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಷೀನು ಕೆಟ್ಟು ಕೂತರೆ ಯಾರ ಲೈಸೆನ್ಸ್ ರದ್ದು ಮಾಡೋಣ?

ನನ್ನ ಪಕ್ಷಪಾತಕ್ಕೆ ಕಾರಣವೂ ಇದೆ. ನಮ್ಮ ತಂದೆಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಹೋಗಿ ಬಡಿದದ್ದು ಇಂಥದೇ ಒಂದು ನರ್ಸಿಂಗ್ ಹೋಮಿನ ಬಾಗಿಲು. ಡಾಕ್ಟರು ಲುಂಗಿಯಲ್ಲೇ ಇಳಿದು ಬಂದರು. ನಾಲಿಗೆ ಕೆಳಗೆ ಮಾತ್ರೆ ಇಟ್ಟು, ಇಸಿಜಿ ತೆಗೆದು, ಆಂಬ್ಯುಲೆನ್ಸ್‌ನಲ್ಲಿ ತಾವೇ ಜೊತೆಗೆ ಕೂತರು. ದುಡ್ಡಿನ ಮಾತು ಎತ್ತಲೇ ಇಲ್ಲ. ತುರ್ತು ಹೊತ್ತಿನಲ್ಲಿ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆ ಡಾಕ್ಟರು ತೀರ್ಪು ಓದಿದ್ದರೋ ಇಲ್ಲವೋ. ಅವರ ಮಗ ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸಂಬಳಕ್ಕಿದ್ದಾನೆ. ಆ ಕಟ್ಟಡದಲ್ಲಿ ಬಟ್ಟೆ ಅಂಗಡಿ ಇದೆ.

2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದಾಗ ಸಹಕಾರ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದ. ‘ನಮ್ಮ ಸ್ಕೀಮು’ ಅನ್ನುವ ಹಕ್ಕಿನಿಂದ ಮಾತಾಡುತ್ತಿದ್ದ. ಈಗ ಕಾರ್ಡಿನ ಮೇಲೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತಿದೆ. ಕೇಳಲು ಚೆನ್ನಾಗಿದೆ. ಆ ದುಡ್ಡಿಗೆ ಚಿಕಿತ್ಸೆ ಕೊಡುವವರು ತಾಲ್ಲೂಕಿನಲ್ಲಿ ಉಳಿಯಬೇಕಲ್ವಾ? 2025ರ ಹೊತ್ತಿಗೆ ಸರ್ಕಾರಗಳು ಆರೋಗ್ಯಕ್ಕೆ ಮಾಡುವ ಖರ್ಚನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿದ್ದರು. ಗಡುವು ಮುಗಿಯಿತು, ಗುರಿ ಮುಟ್ಟಲಿಲ್ಲ. ಈ ಬಗ್ಗೆ ಎಷ್ಟು ಜನ ನನಗೆ ಪತ್ರ ಬರೆದರು ಗೊತ್ತಾ? ಒಬ್ಬರೂ ಇಲ್ಲ. ನೀವೂ ಬರೆಯಲಿಲ್ಲ, ಮೇಷ್ಟ್ರೇ.

ಆ ಹೆಣ್ಣುಮಗಳ ಆಪರೇಷನ್ ಎಲ್ಲಾದರೂ ಆಯಿತಾ, ತಿಳಿಸಿ. ಕಾರ್ಡ್ ಇದ್ದರೂ ಯಾವುದಾದರೂ ಆಸ್ಪತ್ರೆ ಅವರಿಂದ ದುಡ್ಡು ಕಿತ್ತಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯಿರಿ, ಖಂಡಿತ ಬರೆಯಿರಿ. ಜೊತೆಗೆ ನಿಮ್ಮ ಶಾಸಕರಿಗೂ ಒಂದು ಪತ್ರ ಹಾಕಿ: ನಮ್ಮ ತಾಲ್ಲೂಕಿನ ಆಸ್ಪತ್ರೆಗಳಿಗೆ ಬರಬೇಕಾದ ಕ್ಲೇಮ್ ಬಾಕಿ ಎಷ್ಟು, ಎಂದಿನಿಂದ? ಉತ್ತರ ಬಂದರೆ ನನಗೆ ಕಳಿಸಿ. ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ.

– ಸಂಪಾದಕ