ಎಮ್ಮಾ ಯಾಕೆ ರೈಲು ಹತ್ತಿದಳು?

ನಮಸ್ಕಾರ,

ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಿ ಅಂತ ಹೇಳಲು ಮನಸ್ಸು ಬರುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆ ಇಷ್ಟು. 1868ರಲ್ಲಿ ಅಮೆರಿಕದ ಬಾಸ್ಟನ್ನಿನ ಎಮ್ಮಾ ಪತ್ರಿಕೆಯಲ್ಲಿ ‘ವಧು ಬೇಕು’ ಜಾಹೀರಾತು ನೋಡುತ್ತಾಳೆ. ಮುಖವನ್ನೇ ನೋಡದ ಜೇಕಬ್‌ನನ್ನು ಮದುವೆಯಾಗಲು ರೈಲು ಹತ್ತಿ ದೂರದ ಪಶ್ಚಿಮದ ಮೊಂಟಾನಾಕ್ಕೆ ಬರುತ್ತಾಳೆ. ಅವನು ಒರಟ. ಜಗಳ, ಹಿಮಪಾತ, ಜ್ವರ, ಆಮೇಲೆ ಪ್ರೀತಿ. ಹಳೇ ದಾರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಇಂಥ ಕಥೆ ಓದುವವರಿಗೆ ಕೊನೆ ಮೊದಲೇ ಗೊತ್ತಿರುತ್ತದೆ. ಅಲ್ಲಿಗೆ ಹೇಗೆ ಮುಟ್ಟುತ್ತಾರೆ ಅಂತ ನೋಡಲೆಂದೇ ಓದುತ್ತಾರೆ.

ತಕರಾರು ಇರುವುದು ಎಮ್ಮಾಳ ಬಗ್ಗೆ. ಇಡೀ ಕಾದಂಬರಿಯಲ್ಲಿ ಅವಳು ಒಂದು ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ. ಚಿಕ್ಕಪ್ಪ ಹೇಳಿದ, ಹೊರಟಳು. ಜೇಕಬ್ ಹೇಳಿದ, ಉಳಿದಳು. ಹಿರಿಯರು ಗೊತ್ತುಮಾಡಿದ ಗಂಡನ ಮನೆಗೆ ತಲೆ ತಗ್ಗಿಸಿ ಬರುವ ನಮ್ಮ ಕಡೆಯ ಹುಡುಗಿಯ ಹಾಗೇ ಅವಳನ್ನು ಬರೆದಿದ್ದೀರಿ. ಗಂಡಿನ ಮುಖ ನೋಡದೆ ಮದುವೆಯಾದ ಅಜ್ಜಿಯರು ನಮ್ಮಲ್ಲೂ ಎಷ್ಟೋ ಜನ, ನಿಜ. ಆದರೆ ಅವರ ಪರವಾಗಿ ಗಂಡಿನ ಊರು, ಮನೆತನ, ಹೊಲಗದ್ದೆ ಎಲ್ಲವನ್ನೂ ಯಾರೋ ವಿಚಾರಿಸಿರುತ್ತಿದ್ದರು. ಎಮ್ಮಾಳ ಕೈಯಲ್ಲಿ ಇದ್ದದ್ದು ಒಂದಿಷ್ಟು ಕಾಗದ ಮಾತ್ರ. ನಿಜವೋ ಸುಳ್ಳೋ, ಅವಳೊಬ್ಬಳೇ ಅಳೆದು ನೋಡಬೇಕಿತ್ತು.

ಆ ಕಾಗದಗಳೇ ನಿಮ್ಮ ಕಥೆಯಲ್ಲಿ ಇಲ್ಲ! ‘ಆರು ತಿಂಗಳು ಪತ್ರ ಬರೆದುಕೊಂಡರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 1870ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಕ್ಯಾನ್ಸಸ್ ಸಿಟಿಯಿಂದ ‘ಮ್ಯಾಟ್ರಿಮೋನಿಯಲ್ ನ್ಯೂಸ್’ ಅನ್ನುವ ಪತ್ರಿಕೆ ಬರುತ್ತಿತ್ತು. ಅದರ ಜಾಹೀರಾತಿನಲ್ಲಿ ಹೆಸರಿನ ಬದಲು ಒಂದು ನಂಬರ್, ಜೊತೆಗೆ ವಯಸ್ಸು, ಎತ್ತರ, ತೂಕ. ಇಷ್ಟನ್ನೇ ನಂಬಿಕೊಂಡು ಒಬ್ಬಳು ಉತ್ತರ ಬರೆಯಲು ಕೂರುತ್ತಾಳೆ. ಏನು ಹೇಳಿದಳು? ಏನು ಮುಚ್ಚಿಟ್ಟಳು? ಜೇಕಬ್ ‘ಸ್ವಂತ ಮನೆ ಇದೆ’ ಅಂತ ಬರೆದಿರಲಿ. ಬಂದು ನೋಡಿದರೆ ಹುಲ್ಲುಬೇರು ಸಮೇತ ಮಣ್ಣನ್ನು ಕಡಿದು ಪೇರಿಸಿದ ಗೋಡೆ, ಮಳೆ ಬಂದರೆ ಸೂರಿನಿಂದ ಕೆಸರು ನೀರು. ಅವನು ಸುಳ್ಳು ಹೇಳಿರಲಿಲ್ಲ. ಕೈಯಾರೆ ಕಟ್ಟಿದವನಿಗೆ ಅದು ಮನೆಯೇ ಅಲ್ವಾ? ಅವರ ಮೊದಲ ಜಗಳ ಇಲ್ಲಿಂದ ಹುಟ್ಟಲಿ. ಸುಮ್ನೆ ಅವನು ಒರಟ ಅಂದರೆ ಸಾಲದು.

ಅವಳು ಹೊರಡುವುದಕ್ಕೂ ಗಟ್ಟಿ ಕಾರಣ ಬೇಕು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಗಂಡಸರು ಸತ್ತರು. ಬಾಸ್ಟನ್ನಿನಂಥ ಊರಿನ ಹುಡುಗಿಯರ ಬದುಕಿನ ಮೇಲೆ ಅದರ ನೆರಳು ಬಿದ್ದಿತ್ತು. ನಿಮ್ಮ ಕಥೆಯಲ್ಲಿ ಆ ಯುದ್ಧದ ಸುಳಿವೇ ಇಲ್ಲ.

ಇನ್ನೊಂದು ಮಾತು, ಇದು ನಿಮ್ಮ ಕಥೆಯನ್ನೇ ಬದಲಾಯಿಸಬಹುದು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸರ್ಕಾರಿ ಜಮೀನು ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕಿತ್ತು. ಇಪ್ಪತ್ತೊಂದು ತುಂಬಿದ, ಮದುವೆಯಾಗದ ಹೆಂಗಸೂ ತನ್ನ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಇರುವ ಹೆಂಡತಿಗೆ ಸಾಮಾನ್ಯವಾಗಿ ಆ ಹಕ್ಕು ಇರಲಿಲ್ಲ. ಈ ವಿಷಯ ಎಮ್ಮಾಗೆ ಮದುವೆಯ ಹಿಂದಿನ ದಿನ ತಿಳಿಯಿತು ಅಂದುಕೊಳ್ಳಿ. ಪಕ್ಕದ ನೆಲ ಖಾಲಿ ಇದೆ. ಜೇಕಬ್‌ಗೂ ಅದು ಗೊತ್ತಿದೆ, ಆದರೆ ಪತ್ರದಲ್ಲಿ ಬರೆದಿರಲಿಲ್ಲ. ಅವನೇ ಬಾಯಿಬಿಟ್ಟು ಹೇಳುತ್ತಾನಾ? ಆಮೇಲೂ ಅವಳು ಅವನನ್ನೇ ಒಪ್ಪಿಕೊಂಡರೆ ಆ ಒಪ್ಪಿಗೆಗೆ ಬೆಲೆ ಬರುತ್ತದೆ.

ಇಸವಿಗಳನ್ನು ಸರಿಮಾಡಲೇಬೇಕು. 1868ರಲ್ಲಿ ಮೊಂಟಾನಾಕ್ಕೆ ರೈಲೇ ಇರಲಿಲ್ಲ, ಮೊದಲ ಹಳಿ ಬಂದದ್ದು 1880ರಲ್ಲಿ. ಜೇಕಬ್ ಬಿಗಿಯುವ ಮುಳ್ಳುತಂತಿಯೂ ಆಗ ಅಲ್ಲಿ ಸಿಗುತ್ತಿರಲಿಲ್ಲ. ಕಥೆಯನ್ನು 1873ರ ನೆಬ್ರಾಸ್ಕಾಕ್ಕೆ ತನ್ನಿ. ರೈಲೂ ಸಿಗುತ್ತದೆ, ಮಣ್ಣಿನ ಮನೆಯೂ ಸಿಗುತ್ತದೆ. ಮರುವರ್ಷ ಮಿಡತೆಗಳು ಮೋಡದ ಹಾಗೆ ಇಳಿದು ಪೈರನ್ನೆಲ್ಲ ತಿಂದುಹಾಕಿದವು. ಈಗಿನ ನಿಮ್ಮ ಹಿಮಪಾತಕ್ಕಿಂತ ಆ ಬೇಸಿಗೆ ಇಬ್ಬರನ್ನೂ ಚೆನ್ನಾಗಿ ಪರೀಕ್ಷಿಸುತ್ತದೆ. ಹಾಗೇ, ಆ ಬಯಲಿನಲ್ಲಿ ಮೊದಲು ಯಾರೂ ಇರಲೇ ಇಲ್ಲ ಅನ್ನುವ ಹಾಗೆ ಬರೆಯಬೇಡಿ. ಪಾನೀ ಅನ್ನುವ ಮೂಲನಿವಾಸಿ ಜನ ಅಲ್ಲಿದ್ದರು. ಅದೇ ದಶಕದಲ್ಲಿ ಅವರು ನೆಬ್ರಾಸ್ಕಾ ಬಿಟ್ಟು ದಕ್ಷಿಣದ ಇಂಡಿಯನ್ ಟೆರಿಟರಿಗೆ, ಅಂದರೆ ಈಗಿನ ಒಕ್ಲಹೋಮಾಕ್ಕೆ, ಹೋಗಬೇಕಾಯಿತು. ಎಮ್ಮಾ ಅವರನ್ನು ಕಾಣಲಿ, ತಾನು ನಿಂತ ನೆಲ ಯಾರದಾಗಿತ್ತು ಅಂತ ಕೇಳಲಿ.

ಇಷ್ಟೆಲ್ಲ ಹೇಳಿದರೂ ನಿಮ್ಮ ಒಲೆಯ ಪ್ರಸಂಗ ನನಗೆ ತುಂಬಾ ಹಿಡಿಸಿತು. ಸೌದೆಯಿಲ್ಲದ ಬಯಲಲ್ಲಿ ಉರಿಸುವುದಕ್ಕೆ ಒಣ ಸಗಣಿಯೇ ಗತಿ. ಎಮ್ಮಾ ಮೊದಲ ದಿನ ಅದನ್ನು ಕರ್ಚೀಫಿನಲ್ಲಿ ಹಿಡಿದು ಎತ್ತುತ್ತಾಳೆ. ಕೆಲವು ದಿನ ಕಳೆದ ಮೇಲೆ ಬರಿಗೈಯಲ್ಲಿ ಎತ್ತಿ ಒಲೆಗಿಟ್ಟು, ಅದೇ ಕೈಯಲ್ಲಿ ಹಿಟ್ಟು ನಾದಲು ಹೋಗಿ, ತಟ್ಟನೆ ನಿಂತು ಕೈ ನೋಡಿಕೊಳ್ಳುತ್ತಾಳೆ. ಅಲ್ಲಿ ನೀವು ಒಂದು ವಿವರಣೆಯನ್ನೂ ಕೊಟ್ಟಿಲ್ಲ. ಅವಳು ಎಷ್ಟು ಬದಲಾಗಿದ್ದಾಳೆ ಅಂತ ನಮಗೇ ಗೊತ್ತಾಗುತ್ತದೆ. ಅದರಲ್ಲಿ ಒಂದು ಪದವನ್ನೂ ಮುಟ್ಟಬೇಡಿ.

ಈಗಲೇ ಕಾದಂಬರಿ ತಿದ್ದಲು ಕೂರಬೇಡಿ. ಮೊದಲು ಎಮ್ಮಾಳ ಎರಡು ಪತ್ರ, ಜೇಕಬ್‌ನ ಎರಡು ಪತ್ರ ಬರೆಯಿರಿ. ಅವನಿಗೆ ಓದುಬರಹ ಕಮ್ಮಿ ಅಂದಿದ್ದೀರಿ, ಹಾಗಾದರೆ ಅವನ ಪತ್ರ ಬರೆದುಕೊಟ್ಟವರು ಯಾರು ಅನ್ನುವುದನ್ನೂ ಯೋಚಿಸಿ. ಆ ನಾಲ್ಕನ್ನು ಮಾತ್ರ ನನಗೆ ಕಳಿಸಿ, ಓದಿ ಉತ್ತರ ಬರೆಯುತ್ತೇನೆ.